ಗೋಡೆಯ ಮೂರು ಕಂಬ ಕತ್ತರಿಸಿದ ದಿನ

ಸುಂಕಸಾಳದಲ್ಲಿ ನಮ್ಮ ಮನೆ ಹೆದ್ದಾರಿಗೆ ತಾಗಿಯೇ ಇದೆ. ಎದುರಿನ ಕೋಣೆಯಲ್ಲಿ ನಾನು ಸಣ್ಣದೊಂದು ಊಟದ ಹೋಟೆಲು ಶುರು ಮಾಡಿ ಎರಡು ವರ್ಷ ಆಗಿತ್ತು. ಹಿಂದಿನ ಅಡಿಗೆಮನೆಯಲ್ಲಿ ಅತ್ತೆ ಬೇಯಿಸುವವರು, ನಾನು ಬಡಿಸುವವಳು. ಗಂಡನಿಗೆ ಕಾರವಾರದಲ್ಲಿ ಕೆಲಸ, ಮನೆಗೆ ಬರುವುದು ಭಾನುವಾರ ಮಾತ್ರ. ಎರಡು ಕೋಣೆಗಳ ನಡುವೆ ಇದ್ದದ್ದು ಮರದ ಗೋಡೆ. ಸಾಲಾಗಿ ನಿಲ್ಲಿಸಿದ ಕಂಬಗಳಿಗೆ ಹಲಗೆ ಹೊಡೆದದ್ದು. ಅದರ ಬಾಗಿಲು ಎಷ್ಟು ಇಕ್ಕಟ್ಟೆಂದರೆ ಎರಡು ಕೈಯಲ್ಲಿ ಎರಡು ತಾಟು ಹಿಡಿದರೆ ಅಡ್ಡ ತಿರುಗಿಯೇ ದಾಟಬೇಕು. ಒಂದು ಮಧ್ಯಾಹ್ನ ಹಾಗೆ ತಿರುಗುವಾಗ ಬಿಸಿ ಸಾರು ಮೊಣಕೈ ಮೇಲೆ ಚೆಲ್ಲಿತು. ಗುಳ್ಳೆ ಒಣಗುವ ಮೊದಲೇ ತೀರ್ಮಾನ ಮಾಡಿಬಿಟ್ಟೆ, ಈ ಬಾಗಿಲು ಆರಡಿ ಅಗಲ ಆಗಬೇಕು ಅಂತ.

ಹಣಕೋಣದಿಂದ ಮರಗೆಲಸದ ಆಚಾರಿ ಬಂದರು. ನನ್ನ ತವರುಮನೆಯ ಹಂಚಿನ ಮಾಡು ಕಟ್ಟಿದ ಹಿರಿಯರು. ಹಲಗೆ ಕಿತ್ತು ಮೂರು ಕಂಬ ಕೊಯ್ದರೆ ಮುಗೀತು ಅಂತ ನಾನು ಅಂದುಕೊಂಡಿದ್ದೆ. ಅವರು ಏಣಿ ಹತ್ತಿ ಅಟ್ಟವನ್ನೆಲ್ಲ ನೋಡಿ, ಧೂಳು ಕೊಡವಿಕೊಳ್ಳುತ್ತ ಇಳಿದರು.

“ತಂಗಿ, ಇದು ಬರೀ ಮರೆಗೆ ಅಂತ ಕಟ್ಟಿದ್ದಲ್ಲ. ಅಟ್ಟದ ತೊಲೆಯೆಲ್ಲ ಇದರ ಮೇಲೇ ಕೂತದೆ. ಮಾಡಿನ ಭಾರವೂ ಇಲ್ಲೇ ಇಳೀತದೆ.”

“ಹಾಗಾದ್ರೆ ಆಗೂದಿಲ್ವಾ?”

“ಯಾಕೆ ಆಗೂದಿಲ್ಲ? ಮೊದಲು ಭಾರಕ್ಕೆ ಬೇರೆ ದಾರಿ ಮಾಡಿ ಕೊಡಬೇಕು, ಆಮೇಲೆ ಕಂಬ ತೆಗೀಬೇಕು.”

ಅತ್ತೆಗೆ ಮಾತ್ರ ಒಂಚೂರೂ ಮನಸ್ಸಿಲ್ಲ. “ನಾನು ಮದುವೆಯಾಗಿ ಬಂದಾಗಿನಿಂದ ನಿಂತ ಗೋಡೆ. ನಿನಗೆಂತಕ್ಕೆ ಈ ಹುಚ್ಚು?” ಅಂದರು. ಆದರೂ ಮರುದಿನದಿಂದಲೇ ಅಟ್ಟದ ಸಾಮಾನು ಒಂದೊಂದಾಗಿ ಕೆಳಗಿಳಿಸಿ ಕೊಟ್ಟವರು ಅವರೇ.

ಕೆಲಸದ ದಿನ ಒಲೆ ಹಿಂದಿನ ಅಂಗಳಕ್ಕೆ ಹೋಯಿತು. ಗೋಡೆಯ ಆಚೆಗೊಂದು ಈಚೆಗೊಂದು ಸಾಲು ಆಸರೆ ಕಂಬ ನಿಲ್ಲಿಸಿ, ಅವುಗಳ ತಲೆ ಮೇಲೆ ಅಡ್ಡಮರ ಇಟ್ಟು, ಬೆಣೆ ಬಡಿದು ಅಟ್ಟದ ತೊಲೆಗಳಿಗೆ ಬಿಗಿಯಾಗಿ ತಾಗಿಸಿದರು. ಹಲಗೆ ಕಿತ್ತಾಗ ಕಂಬಗಳ ನಡುವಿನಿಂದ ನಮ್ಮ ಅಡಿಗೆಮನೆ ಪಟ್ಟೆ ಪಟ್ಟೆಯಾಗಿ ಕಾಣಿಸಿತು. ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆಚಾರಿ ನಡುವಿನ ಕಂಬಕ್ಕೆ ಗರಗಸ ಇಟ್ಟರು. ಅರ್ಧ ಕೊಯ್ದಿರಬೇಕು, ಗರಗಸ ಸಿಕ್ಕಿಬಿತ್ತು. ಎಳೆದರೂ ಬರಲಿಲ್ಲ, ದೂಡಿದರೂ ಹೋಗಲಿಲ್ಲ.

ಆಚಾರಿ ಹಿಡಿಯಿಂದ ಕೈ ತೆಗೆದರು. “ಭಾರ ಇನ್ನೂ ಇದರ ಮೇಲೇ ಇದೆ. ತೊಲೆ ಒಂದು ಕೂದಲಿನಷ್ಟು ಮೇಲೇಳಬೇಕು. ಬೆಣೆಯಿಂದ ಆಗೂ ಕೆಲಸ ಅಲ್ಲ.”

ಅತ್ತೆ ನನ್ನ ಮುಖ ನೋಡಿದರು. ನಾನು ಮಾಡು ನೋಡಿದೆ.

ಅಷ್ಟರಲ್ಲಿ ರಸ್ತೆ ಬದಿಗೆ ಲಾರಿಯೊಂದು ನಿಂತಿತು. ವಾರಕ್ಕೊಮ್ಮೆ ಈರುಳ್ಳಿ ಹೇರಿಕೊಂಡು ಬರುವ ಹುಬ್ಬಳ್ಳಿ ಕಡೆಯ ಡ್ರೈವರ್. ಬಾಗಿಲಲ್ಲೇ ನಿಂತು, “ಅಕ್ಕಾರ, ಮನಿ ಕಟ್ಟಾಕ ಹತ್ತೀರೋ, ಕೆಡವಾಕ ಹತ್ತೀರೋ?” ಅಂದ.

ನನಗೆ ತಟ್ಟನೆ ಹೊಳೆಯಿತು. “ಅಣ್ಣಾ, ಲಾರೀಲಿ ಜಾಕ್ ಉಂಟಾ?”

“ಜಾಕ್ ಇಲ್ದ ಯಾವ ಲಾರಿ ಐತ್ರಿ?” ಅನ್ನುತ್ತಲೇ ಓಡಿದ.

ಅಡಿಗೆಮನೆ ಕಡೆಯ ಆಸರೆ ಕಂಬದ ಅಡಿಗೆ ದಪ್ಪ ಹಲಗೆ, ಹಲಗೆಯ ಮೇಲೆ ಜಾಕ್. ಅವನು ಹಿಡಿಯನ್ನು ಮೆಲ್ಲಗೆ ಒತ್ತಿದ. ಆಚಾರಿ ಏಣಿ ಮೇಲೆ ನಿಂತು ತೊಲೆಗೆ ಅಂಗೈ ಒತ್ತಿ, ಕಣ್ಣು ಮುಚ್ಚಿದ್ದರು. “ಇನ್ನೊಂದು ಸ್ವಲ್ಪ... ಇನ್ನೊಂದೇ...” ಮೇಲೆಲ್ಲೋ ಹಂಚು ಕಟಕ್ ಅಂದಿತು. ಅತ್ತೆ ನನ್ನ ಕೈ ಹಿಡಿದುಕೊಂಡರು, ಅದೂ ಸುಟ್ಟ ಕೈಯನ್ನೇ! ನಾನು ಕೂಗಲೂ ಇಲ್ಲ. “ಸಾಕು!” ಅಂದರು ಆಚಾರಿ. ಆ ಬದಿಗೆ ಬೆಣೆ ಹೊಡೆದು, ಜಾಕ್ ಈಚೆ ತಂದು, ಮತ್ತೆ ಹಾಗೆಯೇ ಎತ್ತಿದರು. ಗರಗಸ ತಾನಾಗಿಯೇ ಸಡಿಲವಾಗಿ ಜೋತುಬಿತ್ತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಆಮೇಲೆ ಮೂರು ಕಂಬ ಇಳಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಮತ್ತಿ ಮರದ ಎರಡು ಹಲಗೆ ಜೋಡಿಸಿದ ಹೊಸ ತೊಲೆಯನ್ನು ನಾವು ನಾಲ್ಕು ಜನವೂ ಸೇರಿ ಎತ್ತಿದೆವು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕದಲ್ಲೇ ಹೆಗಲು ಕೊಟ್ಟರು. ಎರಡು ತುದಿಗೂ ಗಟ್ಟಿ ಕಂಬ ನಿಲ್ಲಿಸಿ, ಮೇಲೆ ಉಳಿದ ಸಂದಿಗೆ ಬೆಣೆ ಬಡಿದು ಆಯಿತು. ಇನ್ನು ಆಸರೆ ತೆಗೆಯಬೇಕು. ಆಚಾರಿ ಆಚೆ ಬದಿಯ ಬೆಣೆ ಸಡಿಲಿಸಿದರು, ಡ್ರೈವರ್ ಈಚೆಯ ಜಾಕನ್ನು ಗುಲಗಂಜಿಯಷ್ಟು ಗುಲಗಂಜಿಯಷ್ಟೇ ಇಳಿಸಿದ. ಹೊಸ ತೊಲೆ ಒಮ್ಮೆ ನರಳಿತು. ಆಚಾರಿ ಅದರ ಅಡಿಗೆ ಮೊದಲೇ ದಾರ ಬಿಗಿದಿದ್ದರು. ತೊಲೆ ಬಾಗಿದರೆ ದಾರಕ್ಕೆ ತಾಗುತ್ತದೆ. ಬಗ್ಗಿ ನೋಡಿದರು, ಈ ತುದಿಯಿಂದ ಆ ತುದಿಗೆ ನಡೆದು ಮತ್ತೆ ನೋಡಿದರು. ತೊಲೆ ದಾರಕ್ಕೆ ತಾಗಿರಲಿಲ್ಲ.

“ಕೂತ್ತು,” ಅಂದರು. ಅಷ್ಟೇ.

ಡ್ರೈವರ್ ಹೊರಡಲು ಎದ್ದಾಗ ಅತ್ತೆ ಬಿಡಲಿಲ್ಲ. ಅಂಗಳದ ಒಲೆಯ ಮೇಲೆ ಅನ್ನ ಆಗಿತ್ತು, ಬಂಗಡೆ ಸಾರು ಆಗಿತ್ತು. ಬಡಿಸಲು ನಾನು ಕೈ ಚಾಚಿದರೆ ಸೌಟು ಕೊಡದೆ ತಾವೇ ಆ ಆರಡಿ ಬಾಗಿಲಿನಿಂದ ನೇರ ನಡೆದು ಬಂದರು. ಎರಡು ವರ್ಷದಲ್ಲಿ ಅವರು ಎಷ್ಟು ಜನಕ್ಕೆ ಬೇಯಿಸಿ ಹಾಕಿದರೋ, ಅವರಲ್ಲಿ ಒಬ್ಬರಾದರೂ ಕೂತು ಉಣ್ಣುವುದನ್ನು ಎದುರು ನಿಂತು ನೋಡಿದವರಲ್ಲ. ಅವನು ತುತ್ತು ಕಲಸುವುದನ್ನೇ ನಿಂತು ನೋಡಿದರು.

“ಉಪ್ಪು ಸರಿ ಉಂಟಾ?”

“ಬಾಳ ಚಲೋ ಆಗೇತಿ, ಅವ್ವಾರ. ಇನ್ನೊಂದೀಟ ಹಾಕ್ರಿ.”

ಅವರ ಮುಖದ ಮೇಲೆ ಮೂಡಿದ ನಗುವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸಾರು ಹಾಕಿದವರೇ ಆಚಾರಿ ಕಡೆ ತಿರುಗಿ ಕೇಳಿದರು: “ರಸ್ತೆ ಕಡೆ ಗೋಡೆಗೆ ಒಂದು ದೊಡ್ಡ ಕಿಟಕಿ ಕೂರಿಸಲಿಕ್ಕೆ ಎಷ್ಟು ದಿನ ಬೇಕು?”