ಕಂಡಕ್ಟರಮ್ಮನ ಹಾಲು ಮರಳಿ ಬಂದದ್ದು

ಬಸ್ಸಿನಲ್ಲಿ ಕಂಡಕ್ಟರಮ್ಮನ ದನಿ ಎದ್ದಿತೆಂದರೆ ಬಾಗಿಲಲ್ಲಿ ಜೋತುಬಿದ್ದವರು ಮರುಮಾತಿಲ್ಲದೆ ಒಳಗೆ ಸರಿಯುತ್ತಿದ್ದರು. ಡಿಪೋದವರು ಅವಳಿಗೆ ಗುಡುಗಮ್ಮ ಎಂದೇ ಹೆಸರಿಟ್ಟಿದ್ದರು. ಅವಳು ಮುನಿಸಿಕೊಂಡಂತೆ ನಟಿಸುತ್ತಿದ್ದಳಾದರೂ ಒಳಗೊಳಗೇ ಆ ಹೆಸರು ಅವಳಿಗೆ ಇಷ್ಟವೇ ಆಗಿತ್ತು.

ಅಂಥ ಗುಡುಗಮ್ಮ ಹೆರಿಗೆಯಾದಾಗ ಮಾತ್ರ ಮೆತ್ತಗಾಗಿಬಿಟ್ಟಳು. ಒದ್ದೆ ಮೈಯ ಮಗುವನ್ನು ನರ್ಸು ನೇರ ಅವಳ ಎದೆಯ ಮೇಲೆ ಮಲಗಿಸಿದ್ದಳು. ಮಗು ತಡಕಾಡಿ, ಮೂಗುಜ್ಜಿ, ಕಡೆಗೂ ಬಾಯಿಟ್ಟಿತು. "ಈ ಹಳದಿ ಗಟ್ಟಿ ಹಾಲು ಇದೆಯಲ್ಲ, ಇದರ ಒಂದು ಹನಿಯನ್ನೂ ಹಾಳು ಮಾಡಬೇಡಿ. ಮಗುವಿಗೆ ಇದೇ ಮೊದಲ ಲಸಿಕೆ ಇದ್ದ ಹಾಗೆ" ಎಂದಳು ನರ್ಸು. "ಮಗು ಚೀಪಿದಷ್ಟೂ ನಿಮ್ಮ ಗರ್ಭಕೋಶ ಬಿಗಿಯಾಗುತ್ತೆ, ರಕ್ತ ಹೋಗೋದು ಕಡಿಮೆಯಾಗುತ್ತೆ. ನೀವು ಅವನಿಗೆ ಕೊಡ್ತೀರಿ, ಅವನು ನಿಮಗೆ ಕೊಡ್ತಾನೆ."

ರಜೆ ಮುಗಿಯುವವರೆಗೆ ಎಲ್ಲ ಸುಸೂತ್ರವಾಗಿತ್ತು. ಮಗು ಗುಂಡಗುಂಡಗಾಯಿತು. ಹಾಲೂಡಿಸಲು ಕೂತಾಗ ಬಸ್ಸು, ಚಿಲ್ಲರೆ ಜಗಳ, ಬೆನ್ನುನೋವು ಎಲ್ಲವೂ ಎಲ್ಲೋ ದೂರ ಸರಿದುಹೋದಂತೆ ಅವಳಿಗೆ ಅನಿಸುತ್ತಿತ್ತು.

ಕೆಲಸಕ್ಕೆ ಮರಳಿದ ಮೇಲೆ ಪಾಡು ಶುರುವಾಯಿತು. ಬೆಳಗ್ಗೆ ಹಾಲು ಹಿಂಡಿ, ಕುದಿನೀರಲ್ಲಿ ತೊಳೆದು ಆರಿಸಿದ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟು ಹೊರಡುತ್ತಿದ್ದಳು. ಆದರೆ ಬಸ್ಸಿನಲ್ಲಿ ಯಾರದಾದರೂ ಕೂಸು ಅತ್ತರೆ ಸಾಕು, ಎದೆ ಜುಮ್ಮೆಂದು ತುಂಬಿ ಅಂಗಿ ಒದ್ದೆಯಾಗುತ್ತಿತ್ತು. ಟಿಕೆಟ್ಟಿನ ಚೀಲವನ್ನು ಎದೆಗೆ ಅಡ್ಡ ಹಿಡಿದು ಇಡೀ ಬಸ್ಸು ಸುತ್ತುತ್ತಿದ್ದಳು. ನಿಲ್ದಾಣದ ಶೌಚಾಲಯದಲ್ಲಿ, ಸೋರುವ ನಲ್ಲಿಯ ಪಕ್ಕ ನಿಂತು ಹಾಲು ಹಿಂಡಿ ಚೆಲ್ಲುವಾಗ ಕಣ್ಣೀರೂ ಜೊತೆಗೇ ಇಳಿಯುತ್ತಿತ್ತು.

ಸಾಲದ್ದಕ್ಕೆ ಮಗು ಸಂಜೆ ಎದೆಗೆ ಬಾಯಿ ಹಾಕುವುದನ್ನೇ ಬಿಟ್ಟಿತು. ಮುಖ ತಿರುಗಿಸಿ ಕಿರುಚುತ್ತಿತ್ತು. ಹಾಲೂ ದಿನದಿನಕ್ಕೆ ಇಳಿಮುಖವಾಯಿತು. ನನ್ನ ಮೈಯೇ ನನಗೆ ಕೈಕೊಟ್ಟಿತು ಎಂದುಕೊಂಡಳು ಅವಳು. ಮನೆಯಲ್ಲಿ ಅತ್ತೆ ಮಗುವಿಗೆ ಬಾಟಲಿಯಲ್ಲಿ ಹೊರಗಿನ ಹಾಲು ಕುಡಿಸುತ್ತಿದ್ದಾರೆಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಆಸ್ಪತ್ರೆಯಲ್ಲಿ. ಮಗುವಿಗೆ ಭೇದಿ ಹತ್ತಿ, ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿಲ್ಲದಾಗಿತ್ತು. ಡಾಕ್ಟರು ಏನು ಕುಡಿಸುತ್ತೀರಿ ಎಂದು ಕೇಳಿದಾಗ ಅತ್ತೆ ಸೆರಗಿನ ಮರೆಯಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ರಬ್ಬರಿನ ತುದಿಯ ಒಳಗೆ ಹಳೆಯ ಹಾಲು ಹೆಪ್ಪುಗಟ್ಟಿ ಅಂಟಿಕೊಂಡಿತ್ತು.

ಗುಡುಗಮ್ಮನ ನಾಲಿಗೆಯ ತುದಿಗೆ ಏನೇನೋ ಬಂತು. ಆದರೆ ಅತ್ತೆ ತಲೆಯೆತ್ತದೆ ನಿಂತದ್ದನ್ನು ಕಂಡು ಅವಳು ಮಗುವನ್ನೆತ್ತಿಕೊಂಡು ಡಾಕ್ಟರ ಕಡೆಗೆ ತಿರುಗಿದಳು.

ಮಗುವಿಗೆ ಓಆರ್‌ಎಸ್ ನೀರು ಕುಡಿಸಿ, ಭೇದಿ ನಿಂತು, ಅದು ಕಣ್ಣುಬಿಟ್ಟು ನೋಡತೊಡಗಿದ ಮೇಲೆ ಅತ್ತೆ ವಾರ್ಡಿನ ಬೆಂಚಿನ ಮೇಲೆ ಅವಳ ಪಕ್ಕ ಬಂದು ಕೂತರು.

"ನನ್ನ ಬೈಯಮ್ಮ. ನೀನು ಬೈದ್ರೆ ನನಗೆ ಹಗುರ ಆಗುತ್ತೆ."

"ಯಾಕೆ ಹಾಗೆ ಮಾಡಿದ್ರಿ ಅತ್ತೆ? ನಾನು ಲೋಟದಲ್ಲಿ ಹಾಲಿಟ್ಟು ಹೋಗ್ತಿದ್ದೆನಲ್ಲ?"

"ಅದು ನೀರು ನೀರಾಗಿ ಕಾಣ್ತಿತ್ತು. ಮಗು ಅರೆಹೊಟ್ಟೇಲಿದೆ ಅಂದ್ಕೊಂಡೆ." ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಅಷ್ಟೇ ಅಲ್ಲ ಕಣೆ. ನಿನ್ನ ಗಂಡ ಕೂಸಾಗಿದ್ದಾಗ ನಾನು ಬಟ್ಟೆ ಕಾರ್ಖಾನೇಲಿ ಹೊಲಿಗೆಗೆ ಕೂತಿದ್ದೆ. ಏಳೋ ಹಾಗಿರಲಿಲ್ಲ. ಎದೆ ಕಲ್ಲಾಗಿ, ಜ್ವರ ಬಂದು, ಕೊನೆಗೆ ಹಾಲೇ ಬತ್ತಿಹೋಯ್ತು. ಯಾರ ಹತ್ರಾನೂ ಹೇಳ್ಕೊಳ್ಳಲಿಲ್ಲ. ನಿನ್ನ ಒದ್ದೆ ಅಂಗಿ ಒಗೆಯುವಾಗ ಅದೆಲ್ಲ ನೆನಪಾಯ್ತು. ಬೇಗ ಹಾಲು ಬಿಡಿಸಿದ್ರೆ ಇವಳಾದ್ರೂ ನರಳೋದು ತಪ್ಪುತ್ತೆ ಅಂತ..."

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ಈ ಮನೆಗೆ ಬಂದ ಮೇಲೆ ಅವಳು ಆ ಕೈ ಹಿಡಿದದ್ದು ಅದೇ ಮೊದಲು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ದಡ್ಡುಗಟ್ಟಿದ್ದವು.

ವಾರ್ಡಿನ ನರ್ಸು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. "ಹಿಂಡಿಟ್ಟ ಹಾಲು ತೆಳ್ಳಗೆ ಕಂಡ್ರೂ ಅದರಲ್ಲಿ ಎಲ್ಲ ಇದೆ. ಆರು ತಿಂಗಳ ತನಕ ಮಗುವಿಗೆ ಬೇರೆ ನೀರೂ ಬೇಡ. ಬತ್ತಿದ್ದು ಮತ್ತೆ ಬರುತ್ತೆ. ಮೈಗೆ ಮೈ ತಾಗಿಸಿ ಮಲಗಿಸ್ಕೊಳ್ಳಿ, ಹಾಲು ಇರ್ಲಿ ಬಿಡ್ಲಿ, ಬಾಯಿಗೆ ಇಡ್ತಾ ಇರಿ."

ಹೇಳಿದಷ್ಟು ಸಲೀಸಾಗಿರಲಿಲ್ಲ ಅದು. ಗುಡುಗಮ್ಮ ಮತ್ತೆ ರಜೆ ಹಾಕಿದಳು. ಮಗು ಎದೆಗೆ ಗುದ್ದಿ ಗುದ್ದಿ ರಂಪ ಮಾಡಿತು. ನರ್ಸು ಕಲಿಸಿದಂತೆ ಅತ್ತೆ ಮಗುವಿನ ತಲೆಯ ಕೆಳಗೆ ಕೈಯಿಟ್ಟು, ಬಾಯಿ ಅಗಲವಾಗಿ ತೆರೆಯುವ ತನಕ ಕಾದು, ತಾಯಿಯ ಕಡೆಗೆ ಒತ್ತುತ್ತಿದ್ದರು. ಅಷ್ಟು ದಿನ ಡಾಕ್ಟರು ಹೇಳಿದ ಹಾಲನ್ನು ಚಮಚದಲ್ಲಿ ಕುಡಿಸಿ, ಡಾಕ್ಟರಿಗೆ ತೂಕ ತೋರಿಸಿ ಬರುತ್ತಿದ್ದರು. ಒಂದು ಬೆಳಗ್ಗೆ ಮಗು ಚೀಪುತ್ತಾ ಚೀಪುತ್ತಾ ಗುಟುಕ್ಕೆಂದು ನುಂಗಿತು. ಇಬ್ಬರೂ ಉಸಿರು ಬಿಗಿಹಿಡಿದರು. ಮತ್ತೊಮ್ಮೆ ಗುಟುಕ್ಕೆಂದಿತು.

"ಕೇಳಿಸ್ತಾ?" ಎಂದರು ಅತ್ತೆ. ಸೊಸೆ ಅಳುತ್ತಾ ನಗುತ್ತಾ ತಲೆಯಾಡಿಸಿದಳು.

ಸೊಸೆ ಮತ್ತೆ ಕೆಲಸಕ್ಕೆ ಹೋಗತೊಡಗಿದಾಗ ಅತ್ತೆ ತಾವೇ ದಾರಿ ಹುಡುಕಿದರು. ಮಧ್ಯಾಹ್ನ ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವ ಹೊತ್ತಿಗೆ ಮಗುವನ್ನು ಹೊತ್ತು ಹಾಜರಾಗುತ್ತಿದ್ದರು. ಪ್ರಯಾಣಿಕರು ಮರೆತುಹೋದ ಕೊಡೆ, ಚೀಲಗಳನ್ನಿಡುವ ಚಿಕ್ಕ ಕೋಣೆಯೊಂದು ಅಲ್ಲಿತ್ತು. ಹಾಲೂಡಿಸಲು ಸೊಸೆ ಅದನ್ನು ವಿನಯದಿಂದ ಕೇಳಿದಾಗ ನಿಲ್ದಾಣದ ಮೇಲ್ವಿಚಾರಕ, "ಅದಕ್ಕೆಲ್ಲ ನಿಯಮ ಇಲ್ಲಮ್ಮ" ಎಂದು ತಲೆ ತುರಿಸಿಕೊಂಡ.

"ಹಸಿದ ಮಗು ನಿನ್ನ ನಿಯಮ ಓದ್ಕೊಂಡು ಬರುತ್ತೇನಪ್ಪ?" ಅತ್ತೆಯ ದನಿ ನಿಲ್ದಾಣದ ಆ ತುದಿಗೆ ಮುಟ್ಟಿತು. "ನೀನೇನು ಹುಟ್ಟುತ್ತಲೇ ಟೀ ಕುಡಿದು ಬೆಳೆದವನಾ?"

ಸುತ್ತ ನಿಂತವರು ಘೊಳ್ಳೆಂದು ನಕ್ಕರು. ಇದರ ಮುಂದೆ ಸೊಸೆಯ ಗುಡುಗು ಏನೂ ಅಲ್ಲ ಬಿಡಿ ಎಂದ ಅವಳ ಬಸ್ಸಿನ ಡ್ರೈವರಣ್ಣ. ಮೇಲ್ವಿಚಾರಕ ಕೆಂಪಗಾದರೂ ಬೀಗದ ಕೈ ಕೊಟ್ಟ. ಮರುದಿನ ಒಳಗೊಂದು ಕುರ್ಚಿಯೂ ಬಂದಿತ್ತು.

ಮಗು ನಡೆಯುವ ವಯಸ್ಸಿಗೆ ಬಂದರೂ ತಾಯಿಯ ಹಾಲು ಬಿಡಲಿಲ್ಲ. ಅನ್ನದ ಜೊತೆಗೆ ಅದೂ ನಡೆದೇ ಇತ್ತು. ಎರಡು ವರ್ಷ, ಅದಕ್ಕೂ ಹೆಚ್ಚು ಕೊಟ್ಟರೂ ಒಳ್ಳೆಯದೇ, ಹಾಲೂಡಿಸಿದ ತಾಯಿಗೆ ಸ್ತನದ ಕ್ಯಾನ್ಸರಿನ ಅಪಾಯವೂ ಕಡಿಮೆ ಎಂದು ಡಾಕ್ಟರು ಹೇಳಿದ್ದರು. ಸೊಸೆಯ ಮಧ್ಯಾಹ್ನದ ಡ್ಯೂಟಿ ಬದಲಾದ ಮೇಲೂ ಅತ್ತೆ ಆಗಾಗ ನಿಲ್ದಾಣಕ್ಕೆ ಬರುವುದು ನಿಲ್ಲಲಿಲ್ಲ. ಟಿಕೆಟ್ ಕೌಂಟರಿನ ಹುಡುಗಿ ಬಾಣಂತನ ಮುಗಿಸಿ ಬಂದಿದ್ದಳು. ಆ ಕೋಣೆಯಲ್ಲಿ ಕೂಸನ್ನು ಎದೆಗಿಟ್ಟುಕೊಂಡ ಅವಳ ಎದುರು ಕೂತು ಅತ್ತೆ ಹೇಳುತ್ತಿದ್ದರು: "ಅವಸರ ಮಾಡಬೇಡ ಮಗಳೇ. ಮೊದಲು ಅದು ಬಾಯಿ ತೆರೀಲಿ."