ಎಂಟು ಪಂದ್ಯ ಗೆದ್ದ ಗೋಡೆ ಅಕ್ಕ

ಬೆಳಗಿನ ಐದೂವರೆ. ಕ್ಲಬ್ಬಿನ ಮೂರನೇ ಟೆನಿಸ್ ಅಂಕಣದಲ್ಲಿ ಒಬ್ಬರು ಬಗ್ಗಿ ನೀರು ಚಿಮುಕಿಸುತ್ತಿದ್ದಾರೆ. ಕೆಂಪು ಮಣ್ಣು ಹದವಾಗಿ ನೆನೆದ ಮೇಲೆ ಅಗಲದ ಬ್ರಶ್ ಎಳೆಯುತ್ತಾ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ. ಬಲ ಮೊಣಕಾಲು ಸ್ವಲ್ಪ ಎಳೆಯುತ್ತದೆ, ಆದರೆ ನಡಿಗೆಯ ಲಯ ತಪ್ಪುವುದಿಲ್ಲ. ಬಿಳಿ ಗೆರೆಗಳ ಮೇಲಿನ ಮಣ್ಣನ್ನು ಪೊರಕೆಯಿಂದ ಗುಡಿಸಿ, ನೆಟ್ಟಿನ ಎತ್ತರವನ್ನು ಅಳತೆಪಟ್ಟಿ ಹಿಡಿದು ನೋಡುತ್ತಾರೆ. ಬೆರಳಗಲ ತಗ್ಗಿದ್ದರೂ ಬಿಗಿಯುತ್ತಾರೆ.

"ಒಂದು ಬೆರಳು ತಾನೇ ಅನ್ನಬೇಡಿ. ನನ್ನ ಎಷ್ಟೋ ಪಂದ್ಯ ಅದಕ್ಕಿಂತ ಕಮ್ಮಿ ಅಂತರದಲ್ಲಿ ಹೋಗಿವೆ, ಬಂದಿವೆ" ಎಂದು ನಗುತ್ತಾರೆ.

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗೋಡೆ ಅಕ್ಕ ಎಂದು. ವಯಸ್ಸು ಐವತ್ತೇಳು. ಬೆಳಿಗ್ಗೆ ಮೂರು ತಂಡ, ಸಂಜೆ ಎರಡು ತಂಡ. ಒಟ್ಟು ನಲವತ್ತೊಂದು ಜನ ಕಲಿಯುವವರು, ಎಲ್ಲರೂ ಹೆಂಗಸರು. ದಿನಕ್ಕೆ ಕಡಿಮೆಯೆಂದರೂ ಎಂಟುನೂರು ಚೆಂಡುಗಳನ್ನು ಇವರ ರ‍್ಯಾಕೆಟ್ ಆಚೆ ದಾಟಿಸುತ್ತದೆ. ಒಂದು ಕಾಲದ ರಾಷ್ಟ್ರೀಯ ಚಾಂಪಿಯನ್ ಇವರೇ ಎನ್ನುವುದು ಆ ನಲವತ್ತೊಂದು ಜನರಲ್ಲಿ ಅರ್ಧದಷ್ಟು ಮಂದಿಗೆ ಗೊತ್ತೇ ಇಲ್ಲ. ಇವರಾಗಿ ಹೇಳುವುದೂ ಇಲ್ಲ.

ತಾಯಿ ಇದೇ ಕ್ಲಬ್ಬಿನಲ್ಲಿ ಟವೆಲ್ಲು, ಹಾಸುಬಟ್ಟೆ ಒಗೆಯುತ್ತಿದ್ದವರು. ಶಾಲೆ ಬಿಟ್ಟ ಮೇಲೆ ಮಗಳು ಒಗೆಯುವ ಕೋಣೆಯ ಹಿಂದೆ ಕಾಯಬೇಕಿತ್ತು. ಸದಸ್ಯರೊಬ್ಬರು ಬಿಸಾಡಿದ, ಹಿಡಿ ಸೀಳಿದ ರ‍್ಯಾಕೆಟ್ಟಿಗೆ ತಾಯಿ ಹಳೆಯ ಬಟ್ಟೆ ಸುತ್ತಿ ಕೊಟ್ಟರು. ಆಡಲು ಜೊತೆಗಾರರಿಲ್ಲ, ಇದ್ದದ್ದು ಕೋಣೆಯ ಹಿಂಗೋಡೆ ಮಾತ್ರ. ನಾಲ್ಕು ವರ್ಷ ಅದರ ಜೊತೆಯೇ ಆಟ.

"ಗೋಡೆ ಯಾವತ್ತೂ ತಪ್ಪು ಮಾಡಲ್ಲ ನೋಡಿ. ನೀವು ಎಷ್ಟು ಜೋರಾಗಿ ಹೊಡೀತೀರೋ ಅಷ್ಟೇ ಜೋರಾಗಿ ವಾಪಸ್ ಕೊಡುತ್ತೆ. ದಿನಾ ಸೋತು ಸೋತು ನಾನೂ ಅದರ ಥರಾನೇ ಆಗ್ಬಿಟ್ಟೆ."

ಹದಿನೈದಕ್ಕೆ ಮೊದಲ ಪಂದ್ಯಾವಳಿ. ಸರ್ವ್‌ನಲ್ಲಿ ಮಹಾ ಬಿರುಸೇನೂ ಇರಲಿಲ್ಲ, ಎತ್ತರವೂ ಕಡಿಮೆ. ಆದರೆ ಚೆಂಡು ಎಲ್ಲಿ ಬಿದ್ದರೂ ಈ ಹುಡುಗಿ ಅಲ್ಲಿರುತ್ತಿದ್ದಳು. ಎದುರಾಳಿಗಳು ಸುಸ್ತಾಗಿ ಸೋಲುತ್ತಿದ್ದರು. ಗೋಡೆ ಎಂಬ ಹೆಸರು ಅಂಟಿದ್ದು ಆಗಲೇ. ಇಪ್ಪತ್ತಾರರ ಹೊತ್ತಿಗೆ ದೇಶದ ಮೊದಲ ಹತ್ತರೊಳಗೆ ಇದ್ದರು. ಆಮೇಲೆ ಮೊಣಕಾಲು ಕೈಕೊಟ್ಟಿತು. ಶಸ್ತ್ರಚಿಕಿತ್ಸೆ, ಅದರ ಬೆನ್ನಿಗೇ ಹೆರಿಗೆ. ಮೂರು ವರ್ಷ ಆಟ ಬಂದ್.

ಮೂವತ್ತಕ್ಕೆ ಮತ್ತೆ ರ‍್ಯಾಕೆಟ್ ಹಿಡಿದಾಗ ಕ್ಲಬ್ಬಿನ ಅಂದಿನ ಕಾರ್ಯದರ್ಶಿ ಪಂದ್ಯಾವಳಿಗೆ ಹಾಕಿದ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು, "ಮಗು ನೋಡ್ಕೊಳ್ಳೋ ವಯಸ್ಸಮ್ಮ ಇದು" ಎಂದರಂತೆ.

"ಮಗೂನೂ ನೋಡ್ಕೊತೀನಿ, ಚೆಂಡನ್ನೂ ನೋಡ್ಕೊತೀನಿ ಸಾರ್, ರುಜು ಹಾಕಿ ಅಂದೆ" ಎನ್ನುತ್ತಾರೆ ಅಕ್ಕ. ರುಜು ಬಿತ್ತು. ಮುಂದಿನ ಎರಡು ವರ್ಷ ಹೋದಲ್ಲೆಲ್ಲ ಮೊದಲ ಸುತ್ತಿನಲ್ಲೇ ಸೋಲು. ಪರಿಚಯದವರು ಕಂಡೂ ಕಾಣದಂತೆ ಪಕ್ಕಕ್ಕೆ ಸರಿಯತೊಡಗಿದರು. ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದ ಗಂಡ ಮಾತ್ರ ಪ್ರತಿ ಸಲವೂ, "ಇಂಜಿನ್ ಸರಿಯಾಗೇ ಇದೆ, ಇನ್ನೂ ಬಿಸಿ ಆಗಿಲ್ಲ ಅಷ್ಟೇ" ಎನ್ನುತ್ತಿದ್ದರು.

ಬಿಸಿಯಾದದ್ದು ಮೂವತ್ತಮೂರರಲ್ಲಿ. ಶ್ರೇಯಾಂಕ ಕುಸಿದಿದ್ದರಿಂದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ನೇರ ಪ್ರವೇಶ ಸಿಗಲಿಲ್ಲ. ಅರ್ಹತಾ ಸುತ್ತಿನಲ್ಲಿ ಮೂರು ಪಂದ್ಯ, ಗೆದ್ದರೆ ಮುಖ್ಯ ಸುತ್ತಿನಲ್ಲಿ ಐದು. ಇದೇ ಕೊನೆಯ ಪಂದ್ಯಾವಳಿ ಎಂದು ಮನೆಯಲ್ಲಿ ಹೇಳಿಯೇ ಹೊರಟಿದ್ದರು. ಒಂಬತ್ತು ದಿನಗಳಲ್ಲಿ ಏಳು ಪಂದ್ಯ ಗೆದ್ದು, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಫೈನಲ್ಲಿಗೆ ಬಂದು ನಿಂತರು. ಎದುರಿಗೆ ಹತ್ತೊಂಬತ್ತರ ಹುಡುಗಿ, ಅಗ್ರ ಶ್ರೇಯಾಂಕಿತೆ.

ಮೊದಲ ಸೆಟ್ 2-6ರಲ್ಲಿ ಹೋಯಿತು. ಎರಡನೆಯದರಲ್ಲಿ 2-5. ಬದಿ ಬದಲಿಸುವಾಗ ಕಟಕಟೆಯ ಆಚೆಯಿಂದ ಆರು ವರ್ಷದ ಮಗಳು ಕೂಗಿದಳು: "ಅಮ್ಮಾ, ಹಸಿವು. ಮನೆಗೆ ಹೋಗೋಣ್ವಾ?"

"ಹತ್ತೇ ನಿಮಿಷ ಇರು ಕಂದಾ, ಇದೊಂದು ಮುಗಿಸ್ಕೊಂಡು ಬರ್ತೀನಿ."

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ಅಂಪೈರ್ ಕೂಡ ನಗು ಮರೆಸಲು ಮುಖ ತಿರುಗಿಸಿಕೊಂಡರಂತೆ. ಮುಂದಿನ ಗೇಮಿನಲ್ಲಿ ಎದುರಾಳಿಗೆ ಸರ್ವ್, 40-15. ಪ್ರಶಸ್ತಿಗೆ ಇನ್ನೊಂದೇ ಪಾಯಿಂಟ್. ಆ ಹುಡುಗಿ ಎಡಕ್ಕೆ ಹೊಡೆದಳು, ಬಲಕ್ಕೆ ಹೊಡೆದಳು, ನೆಟ್ಟಿನ ಹತ್ತಿರ ಮೆಲ್ಲಗೆ ಇಳಿಸಿದಳು. ಎಲ್ಲವೂ ವಾಪಸ್ ಬಂದವು. ಮೂವತ್ತು ಹೊಡೆತ ದಾಟಿದ ಮೇಲೆ ಅವಳ ಚೆಂಡು ನೆಟ್ಟಿಗೆ ಬಿತ್ತು. ಎರಡನೇ ಅವಕಾಶದಲ್ಲೂ ಅದೇ ಆಯಿತು.

"ಆಗ ಅವಳ ಮುಖ ನೋಡಿದೆ. ಇನ್ನೆಲ್ಲಿಗೆ ಹೊಡೀಲಿ ಅಂತ ಹುಡುಕ್ತಾ ಇದ್ಲು. ಸರಿ, ಇನ್ನು ಇದು ನಂದೇ ಅನ್ನಿಸ್ತು."

ಆ ಸೆಟ್ 7-5, ಮುಂದಿನದು 6-3. ಹತ್ತು ನಿಮಿಷ ಒಂದೂವರೆ ಗಂಟೆಯಾಗಿತ್ತು. ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ನಮ್ಮಮ್ಮಂಗೆ ಸ್ಕೋರು ತಿಳೀತಿರ್ಲಿಲ್ಲ. ಚಪ್ಪಾಳೆ ಹೊಡೀಬೇಕಾ ಬೇಡ್ವಾ ಅಂತ ಪಕ್ಕದವರ ಮುಖ ನೋಡೋರು. ಆವತ್ತು ಎಲ್ಲರೂ ಎದ್ದು ನಿಂತ್ರು. ಮಗು ಎಚ್ಚರ ಆಗುತ್ತೆ ಅಂತ ಅಮ್ಮ ಮಾತ್ರ ಕೂತೇ ಇದ್ರು, ಕೂತಲ್ಲೇ ಅಳ್ತಾ ಇದ್ರು" ಎನ್ನುತ್ತಾರೆ ಅಕ್ಕ.

ಮರುದಿನದ ಪತ್ರಿಕೆಯಲ್ಲಿ ಹೆಸರು ಇವರದು, ಫೋಟೊ ಸೋತವಳದು! ತಿದ್ದುಪಡಿ ಬರಲೇ ಇಲ್ಲ. ಬೇಸರವಾಗಲಿಲ್ಲವೇ ಎಂದರೆ, "ಕಪ್ ನಮ್ಮ ಮನೆಗೇ ಬಂತಲ್ಲ. ಅದೂ ಅಲ್ದೆ, ಆ ಹುಡುಗಿ ಫೋಟೊದಲ್ಲಿ ತುಂಬಾ ಲಕ್ಷಣವಾಗಿದ್ಲು" ಎಂಬ ಉತ್ತರ.

ಅಲ್ಲಿಗೆ ಸ್ಪರ್ಧೆ ಮುಗಿಯಿತು. ಒಟ್ಟು ನಾಲ್ಕುನೂರ ಹನ್ನೆರಡು ಪಂದ್ಯ, ಇನ್ನೂರ ಐವತ್ತೊಂದು ಗೆಲುವು. ಯಾವ ಪುಸ್ತಕವನ್ನೂ ನೋಡದೆ ಹೇಳುತ್ತಾರೆ. ಅದೇ ಕ್ಲಬ್ಬಿನಲ್ಲಿ, ಸದಸ್ಯರಲ್ಲದ ಹೆಂಗಸರಿಗೂ ಆಡಲು ಒಂದು ಅಂಕಣ ಬೇಕೆಂದು ಪಟ್ಟು ಹಿಡಿದು ಪಡೆದದ್ದು ಈ ಮೂರನೆಯದು. ಇವರ ಶಿಷ್ಯೆಯರಲ್ಲಿ ದರ್ಜಿಗಳಿದ್ದಾರೆ, ಬ್ಯಾಂಕಿನವರಿದ್ದಾರೆ, ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವವರೂ ಇದ್ದಾರೆ.

ಏಳು ಗಂಟೆಯ ತಂಡದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರಿದ್ದಾರೆ. ವಯಸ್ಸು ನಲವತ್ತಾರು, ಕಲಿಯಲು ಬಂದು ಎರಡು ವರ್ಷ. ತರಗತಿ ಮುಗಿದ ಮೇಲೆ ಅಕ್ಕನ ಜೊತೆ ಹನ್ನೊಂದು ಪಾಯಿಂಟಿನ ಪಂದ್ಯ ಆಡಿಯೇ ಡ್ಯೂಟಿಗೆ ಹೋಗುವುದು ಅವರ ಹಟ. ಈವರೆಗೆ ಒಂದೇ ಒಂದು ಪಾಯಿಂಟೂ ಸಿಕ್ಕಿಲ್ಲ. ಇಂದು ಅಕ್ಕ 9-0 ಮುಂದಿದ್ದಾರೆ. ಚೆಂಡು ಹೋಗುತ್ತದೆ, ಬರುತ್ತದೆ. ನರ್ಸ್ ಓಡಿ ಬಂದು ಬ್ಯಾಕ್‌ಹ್ಯಾಂಡಿನಿಂದ ಮೂಲೆಗೆ ಹೊಡೆಯುತ್ತಾರೆ. ಅಕ್ಕ ಕುಂಟುಗಾಲಲ್ಲೇ ಹಾರಿ ಕೈಚಾಚಿ ಮಣ್ಣಿಗೆ ಬೀಳುತ್ತಾರೆ. ರ‍್ಯಾಕೆಟ್ಟಿನ ಅಂಚಿಗೆ ತಾಗಿದ ಚೆಂಡು ಪಕ್ಕಕ್ಕೆ ಉರುಳಿಹೋಗುತ್ತದೆ.

ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಡುತ್ತಾರೆ. "ಅಯ್ಯೋ ಅಕ್ಕಾ... ಪಾಪ ಅಂತ ಬಿಟ್ಕೊಟ್ರಾ?"

ಮೊಣಕಾಲಿನ ಮಣ್ಣು ಕೊಡವಿಕೊಂಡು ಏಳುತ್ತಾರೆ ಗೋಡೆ ಅಕ್ಕ. ಮುಖದ ತುಂಬ ನಗು.

"ನನ್ನ ಜೀವಮಾನದಲ್ಲಿ ಯಾರಿಗೂ ಒಂದು ಪಾಯಿಂಟ್ ಬಿಟ್ಕೊಟ್ಟವಳಲ್ಲ ಕಣೇ ನಾನು. ಅದು ನಿಂದೇ. ತಗೋ."