ಹುನಗುಂದದಲ್ಲಿ ಮೆರೆದ ಪೆಟ್ಟಿಗೆ

ನಾನು ಹುನಗುಂದದ ಅಂಚೆ ಕಚೇರಿಗೆ ವರ್ಗವಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಬಾಡಿಗೆ ಕೋಣೆ, ಖಾನಾವಳಿಯ ಊಟ, ಸಂಜೆ ಮಾತನಾಡಿಸುವವರಿರಲಿಲ್ಲ. ಹೀಗಿರುವಾಗ ನಾನು ಮೆಚ್ಚಿದ ನಾಯಕನಟನ ಅಭಿಮಾನಿ ಸಂಘದವರು, ನನ್ನ ಅಕ್ಷರ ದುಂಡಗಿದೆಯೆಂದು, ನನ್ನನ್ನು ಕಾರ್ಯದರ್ಶಿ ಮಾಡಿಕೊಂಡರು. ನಟನಿಗೆ ಹೋಗುವ ಪತ್ರಗಳನ್ನೆಲ್ಲ ನಾನೇ ಬರೆದೆ. ಚಿತ್ರಮಂದಿರದೊಳಗೆ ಮುಂದಿನ ಸಾಲಿನ ಬೆಂಚಿನಲ್ಲಿ ಅವರ ನಡುವೆ ನನಗೂ ಒಂದು ಜಾಗ ಸಿಕ್ಕಿತು. ಆ ಊರಿನಲ್ಲಿ ನನ್ನದೆನ್ನುವಂಥದ್ದು ಅದೊಂದೇ.

ಹೊಸ ಚಿತ್ರದ ರೀಲುಗಳ ಪೆಟ್ಟಿಗೆ ಹುಬ್ಬಳ್ಳಿಯಿಂದ ಬಸ್ಸಿನ ಮೇಲೆ ಬರುತ್ತಿತ್ತು. ಅದನ್ನು ನಿಲ್ದಾಣದಲ್ಲೇ ಇಳಿಸಿಕೊಂಡು, ಆರತಿ ಎತ್ತಿ, ಹಲಗೆ ಬಾರಿಸುತ್ತ ಚಿತ್ರಮಂದಿರದವರೆಗೆ ಹೊತ್ತೊಯ್ಯುವುದು ಸಂಘದ ಪದ್ಧತಿ. ಆ ದಿನ ಕಬ್ಬಿಣದ ಪೆಟ್ಟಿಗೆ ಕೆಳಗೆ ಬರುವುದೇ ತಡ, ಹಾರಗಳು ಬಿದ್ದು ವಿಳಾಸದ ಚೀಟಿ ಮುಚ್ಚಿಹೋಯಿತು. ಬಸ್ಸಿನ ಮೇಲೆ ಅಂಥದೇ ಇನ್ನೊಂದು ಪೆಟ್ಟಿಗೆ ಇತ್ತು. ದಿನವೂ ಟಪಾಲು ವಿಂಗಡಿಸುವ ನಾನು ಸುಮ್ಮನಿರಲಾರದೆ ಸಂಘದ ಅಧ್ಯಕ್ಷರಿಗೆ ಹೇಳಿದೆ:

“ಹಾರ ಒಂದೀಟು ಸರಸ್ರಿ, ಚೀಟಿ ಓದ್ತೇನಿ.”

“ಪಲ್ಲಕ್ಕಿ ಹೊತ್ತ ಮ್ಯಾಲ ದೇವ್ರ ಹೆಸರು ಕೇಳ್ತಾರೇನ್ರಿ, ಪೋಸ್ಟ್ ಮಾಸ್ತರ?”

ಎಲ್ಲರೂ ನಕ್ಕರು. ನಾನು ಪೋಸ್ಟ್ ಮಾಸ್ತರನಲ್ಲ, ಗುಮಾಸ್ತ. ಅದು ಅವರಿಗೆ ಗೊತ್ತಿತ್ತು.

ಚಿತ್ರಮಂದಿರದಲ್ಲಿ ಮುಚ್ಚಳ ತೆರೆದಾಗ ಒಳಗಿದ್ದದ್ದು ಎದುರಾಳಿ ನಟನ ಹಳೆಯ ಚಿತ್ರ, ಇಳಕಲ್ಲಿಗೆ ಹೋಗಬೇಕಾದದ್ದು. ನಮ್ಮದು ಬಸ್ಸಿನ ಮೇಲೆಯೇ ಉಳಿದು ಇಳಕಲ್ಲಿಗೆ ಹೋಗಿತ್ತು. ಮೊದಲ ದಿನದ ಆಟ ನಿಂತಿತು. ವೈರಿಯ ಪೆಟ್ಟಿಗೆಗೆ ಆರತಿ ಎತ್ತಿದವರೆಂದು ಪೇಟೆಯೆಲ್ಲ ಆಡಿಕೊಂಡಿತು.

“ಚೀಟಿ ಓದೂದಽ ನಿಮ್ಮ ನೌಕರಿ ಅಲ್ರಿ? ಹಾರ ಹರದಾದ್ರೂ ಓದಬೇಕಿತ್ತು,” ಎಂದರು ಅಧ್ಯಕ್ಷರು.

“ಬಿಡ್ರಿ, ಪರಊರವ್ರಿಗೆ ನಮ್ಮ ಮರ್ಯಾದಿ ಏನ್ ಗೊತ್ತು,” ಎಂದ ಖಜಾಂಚಿ. ನಾನು ಖಾನಾವಳಿಯಲ್ಲಿ ದಿನವೂ ಇವನ ಪಕ್ಕದಲ್ಲೇ ಉಣ್ಣುತ್ತಿದ್ದೆ.

ಅಧ್ಯಕ್ಷರೂ ಸೇರಿ ಹನ್ನೊಂದು ಜನ ನಿಲ್ದಾಣದಲ್ಲಿ ನನ್ನ ಮಾತು ಕೇಳಿದ್ದರು. ಒಬ್ಬನೂ ಅದನ್ನು ಹೇಳಲಿಲ್ಲ. ಅಲ್ಲಿಗೆ ನನ್ನ ಕಾರ್ಯದರ್ಶಿತನ ಮುಗಿಯಿತು.

ಮರುದಿನ ನಮ್ಮ ಚಿತ್ರ ಬಂತು. ಬೆಂಚಿನಲ್ಲಿ ನನ್ನ ಜಾಗದಲ್ಲಿ ಅಧ್ಯಕ್ಷರ ಅಳಿಯ ಕುಳಿತಿದ್ದ. ನಾನು ಅವರ ಹಿಂದಿನ ಸಾಲಿನಲ್ಲಿ ಕುಳಿತೆ. ನಾಯಕ ತೆರೆಗೆ ಬಂದೊಡನೆ ಅವರೆಲ್ಲ ಎದ್ದು ನಿಂತು ಶಿಳ್ಳೆ ಹೊಡೆದರು. ಅವನ ಮುಖ ನನಗೆ ಕಾಣಲಿಲ್ಲ. ಕಂಡದ್ದು ಹನ್ನೆರಡು ಬೆನ್ನುಗಳು. ಯಾವ ಬೆನ್ನಿನ ಮೇಲೆ ಯಾವ ಬಣ್ಣದ ಅಂಗಿಯಿತ್ತೆಂದು ಇಂದಿಗೂ ತಪ್ಪಿಲ್ಲದೆ ಹೇಳಬಲ್ಲೆ. ಅವರಲ್ಲಿ ಒಬ್ಬನಾದರೂ ಹಿಂದಿರುಗಿ ನೋಡಿಯಾನೆಂದು ಆಟ ಮುಗಿಯುವವರೆಗೂ ಕಾದೆ.